ಎತ್ತಿ ನೋಡಿದ ಲಾರಿ

"ಬುದ್ಧೀ, ಜೊತೆಗಾರ ಕಷ್ಟದಲ್ಲೂ ಜೊತೆಗಿರುತ್ತಾನೆಯೇ ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದ ದಾಸೋಹವನ್ನು ಅವನಿಗೂ ಚನ್ನವೀರನೆಂಬ ಇನ್ನೊಬ್ಬ ಶಿಷ್ಯನಿಗೂ ಒಟ್ಟಿಗೆ ವಹಿಸುವುದೆಂದು ಅಂದೇ ಬೆಳಿಗ್ಗೆ ತೀರ್ಮಾನವಾಗಿತ್ತು. ಹಿಂದಿನ ದಿನ ಅನ್ನ ಸೀದುಹೋಗಿ ಚನ್ನವೀರ ಪಂಕ್ತಿಯ ನಡುವೆ ನಿಂತು ಎಲ್ಲರಿಂದ ಬೈಸಿಕೊಂಡಿದ್ದ. ಪಕ್ಕದಲ್ಲೇ ಬಡಿಸುತ್ತಿದ್ದ ಈ ಶಿಷ್ಯ ಮಜ್ಜಿಗೆಯ ಪಾತ್ರೆ ಹಿಡಿದು ಒಳಗೆ ಹೋಗಿಬಿಟ್ಟಿದ್ದ. ಅನ್ನ ಸೀಯಿಸಿದವನೊಂದಿಗೆ ಹೆಗಲು ಕೊಡಲು ಈಗ ಇವನಿಗೆ ಅಳುಕು.

ಗುರುಗಳು ನಕ್ಕು ಹೇಳಿದರು:

ಒಬ್ಬಳು ಕಲ್ಲಿನ ವ್ಯಾಪಾರಿ ಇದ್ದಳು. ಅವಳ ಕಲ್ಲುಗಣಿ ಆಳದಲ್ಲಿತ್ತು. ಕಲ್ಲು ಹೊತ್ತ ಲಾರಿ ಕೆಸರಿನ ಏರು ಹತ್ತಿ ಮೇಲೆ ಬರಬೇಕು. ಏರಿನ ಬುಡದಲ್ಲಿ ಕಲ್ಲು ಒಡೆಯುವವರು ಕುಳಿತಿರುತ್ತಾರೆ. ಲಾರಿ ನಡುವೆ ಜಾರಿದರೆ ಬರುವುದು ಅವರ ಮೇಲೆಯೇ. ಅವಳಿಗೆ ಇನ್ನೊಂದು ಲಾರಿ ಬೇಕಾಗಿತ್ತು.

ಲಾರಿಯ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬುದೊಂದು ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಅದರದರ ನಡೆಗೆ ಬಿಡುವುದು ಅದರ ಕೆಲಸ. ಇಷ್ಟು ಚೆಂದದ ಸಂಸಾರಧರ್ಮವನ್ನು ನಾನು ಯಾವ ಪುರಾಣದಲ್ಲೂ ಓದಿಲ್ಲ ಕಣಯ್ಯಾ! ಆದರೆ ಕೆಸರಿನಲ್ಲಿ ಆ ಗುಣವೇ ಮುಳುವು. ಒಂದು ಚಕ್ರ ಜಾರಿತೆಂದರೆ ಎಂಜಿನ್ನಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಗಟ್ಟಿ ನೆಲದ ಮೇಲಿನ ಚಕ್ರ ಅಲುಗದೆ ನಿಲ್ಲುತ್ತದೆ. ಅದಕ್ಕೇ ಕೆಲವು ಲಾರಿಗಳಿಗೆ ಲಾಕ್ ಇಟ್ಟಿರುತ್ತಾರೆ. ಹಾಕಿದರೆ ಎರಡೂ ಚಕ್ರ ಒಂದಾಗಿ ತಿರುಗುತ್ತವೆ.

ಮಾರುವವನು, "ಲಾಕ್ ಇದೆ ತಾಯಿ. ಇಗೋ ಸ್ವಿಚ್ಚು, ಇಗೋ ದೀಪ" ಎಂದ. ಒತ್ತಿದ, ದೀಪ ಉರಿಯಿತು. ಟಾರು ರಸ್ತೆಯಲ್ಲಿ ಓಡಿಸಿಯೂ ತೋರಿಸಿದ. ಲಾರಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು.

"ಒಳ್ಳೆಯ ರಸ್ತೆಯಲ್ಲಿ ಎಲ್ಲವೂ ಒಳ್ಳೆಯ ಲಾರಿಯೇ ಅಣ್ಣಾ. ಹಿಂದಿನ ಚಕ್ರಗಳನ್ನು ನೆಲ ಬಿಡಿಸು" ಎಂದಳು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಹಿಂಭಾಗಕ್ಕೆ ಜಾಕ್ ಹಾಕಿ ಎತ್ತಿ, ಅಡಿಗೆ ದಿಮ್ಮಿ ಇಟ್ಟರು. ಗೇರು ತೆಗೆದು, ಬ್ರೇಕು ಬಿಟ್ಟು, ಲಾಕಿನ ಸ್ವಿಚ್ಚು ಒತ್ತಿದರು. ಅವಳು ಸೆರಗು ಸಿಕ್ಕಿಸಿ ಒಂದು ಚಕ್ರವನ್ನು ಎರಡು ಕೈಯಿಂದ ಮುಂದಕ್ಕೆ ತಿರುಗಿಸಿದಳು. ಆದರೆ ಬಗ್ಗಿ ನೋಡಿದ್ದು ಇನ್ನೊಂದು ಚಕ್ರವನ್ನು. ಅದು ಹಿಂದಕ್ಕೆ ತಿರುಗಿತು. ಮತ್ತೆ ಸ್ವಿಚ್ಚು ಒತ್ತಿಸಿ ತಿರುಗಿಸಿದಳು. ಮತ್ತೂ ಹಿಂದಕ್ಕೇ. ದೀಪ ಮಾತ್ರ ಉರಿಯುತ್ತಲೇ ಇತ್ತು.

ಮಾರುವವನ ಮುಖ ಸಪ್ಪಗಾಯಿತು. ಅವನೂ ಆ ದೀಪವನ್ನೇ ನಂಬಿದ್ದ. ಅವಳು ಗದರಲಿಲ್ಲ. "ಲಾರಿ ಕೆಟ್ಟದ್ದಲ್ಲ. ಹೆದ್ದಾರಿಯಲ್ಲಿ ಓಡಿಸುವವರಿಗೆ ಕೊಡು. ಲಾಕ್ ಹಿಡಿಯುವುದಿಲ್ಲ ಎಂದು ಹೇಳಿಯೇ ಕೊಡು" ಎಂದು ಹೊರಟಳು.

ಊರೂರು ತಿರುಗಿ, ಒಂದನ್ನು ತಿರುಗಿಸಿದರೆ ಇನ್ನೊಂದೂ ಅದೇ ಕಡೆಗೆ ತಿರುಗುವ ಲಾರಿ ಕೊಂಡಳು. ಮೊದಲ ಲೋಡಿನ ದಿನ ತಾನೇ ಡ್ರೈವರನ ಪಕ್ಕ ಹತ್ತಿ ಕುಳಿತಳು. ನಡು ಏರಿನಲ್ಲಿ ಒಂದು ಚಕ್ರ ಕೆಸರಿಗೆ ಬಿತ್ತು. ಲಾಕ್ ಹಾಕಿದ್ದರಿಂದ ಗಟ್ಟಿ ನೆಲದ ಚಕ್ರ ಲಾರಿಯನ್ನು ಎಳೆದುಕೊಂಡು ಮೇಲೆ ಬಂತು. ಕೆಳಗಿದ್ದವರು ಉಳಿದರು. ಮೇಲೆ ತಿರುವು ಬರುವ ಮೊದಲೇ, "ಲಾಕ್ ತೆಗಿ" ಎಂದಳಂತೆ ಆ ತಾಯಿ. ಕೂಡಿಸುವ ಹೊತ್ತೂ ಬಲ್ಲಳು, ಬಿಡುವ ಹೊತ್ತೂ ಬಲ್ಲಳು. ಅವಳಿಗೆ ನಾನು ಕೈಮುಗಿಯುತ್ತೇನೆ.

ಕತೆ ಕೇಳಿ ಶಿಷ್ಯನಿಗೆ ಸಂತೋಷವಾಯಿತು. "ತಿಳಿಯಿತು ಬುದ್ಧಿ. ಚನ್ನವೀರನನ್ನೂ ಹಾಗೇ ಒಮ್ಮೆ ಎತ್ತಿ ನೋಡಬೇಕು" ಎಂದ.

ಗುರುಗಳು ಹೇಳಿದರು: "ನಿನ್ನೆ ಪಂಕ್ತಿಯಲ್ಲಿ ಅವನನ್ನು ಎತ್ತಿ ತಿರುಗಿಸಿದರಲ್ಲಪ್ಪಾ, ಆಗ ನಾನು ನೋಡುತ್ತಿದ್ದದ್ದು ನಿನ್ನನ್ನು."