ಗ್ರಹಣದ ಕನ್ನಡಕ ಮತ್ತು ವನಜಾಕ್ಷಿಯ ವೆಲ್ಡಿಂಗ್

ವನಜಾಕ್ಷಿ ಮನೆಯ ಹಿಂದಿನ ಕೋಣೆಯಲ್ಲಿ ಬ್ಯಾಟರಿ ರಿಪೇರಿಗೆ ವೆಲ್ಡಿಂಗ್ ಮಾಡುತ್ತಾಳೆಂಬ ಸುದ್ದಿ ಬಡಾವಣೆ ಸಂಘದ ಅಧ್ಯಕ್ಷ ಪಟ್ಟಾಭಿರಾಮಯ್ಯನವರಿಗೆ ಮುಟ್ಟಿತು. ವೆಲ್ಡಿಂಗ್ ಎಂದರೆ ಬೆಂಕಿ, ಬೆಂಕಿ ಎಂದರೆ ಅಧ್ಯಕ್ಷರ ಜವಾಬ್ದಾರಿ. ಒಂದು ಕೈಯಲ್ಲಿ ಮರಳಿನ ಬಕೆಟ್, ಇನ್ನೊಂದರಲ್ಲಿ ಹಿಂದೆ ಸೂರ್ಯಗ್ರಹಣ ನೋಡಲು ಕೊಂಡಿದ್ದ ಕಪ್ಪು ಕನ್ನಡಕ ಹಿಡಿದು ಬಂದರು.

"ಏನಮ್ಮಾ, ಇದು ಮನೆಯೋ, ಗ್ಯಾರೇಜೋ? ಕಿಡಿ ಹಾರಿದರೆ ಇಡೀ ಬೀದಿ ಬೂದಿ. ಮಿಷನ್ ಇವತ್ತೇ ಹೊರಗೆ ಹೋಗಬೇಕು!"

ಮಿಷನ್ ಹೋದರೆ ವನಜಾಕ್ಷಿಯ ದುಡಿಮೆಯೂ ಹೋದಂತೆ. ಆದರೂ ಅವಳು ವಾದಿಸಲಿಲ್ಲ. ಕುರ್ಚಿ ಎಳೆದು ಹಾಕಿದಳು.

"ನೀವೇ ನೋಡಿ ಸಾರ್. ಕಿಡಿ ಕಂಡರೆ ಮಿಷನ್ ತಗೊಂಡು ಹೋಗಿ. ಕಾಣದಿದ್ದರೆ ಇಲ್ಲೇ ಬಿಡಿ."

"ಆಗಲಿ."

"ಕಣ್ಣು ಜೋಪಾನ ಸಾರ್. ಕನ್ನಡಕ ತಂದಿದ್ದೀರಲ್ಲ, ಹಾಕಿಕೊಳ್ಳಿ."

ಹಾಕಿಕೊಂಡರು. ಸೂರ್ಯನೊಬ್ಬನನ್ನು ಬಿಟ್ಟು ಬೇರೇನೂ ಕಾಣದ ಕನ್ನಡಕ ಅದು. ಕತ್ತಲಲ್ಲಿ ಬಕೆಟ್ ಹಿಡಿದು, ಉಸಿರು ಬಿಗಿಹಿಡಿದು ಕಾದರು. ಟಿಕ್ ಎಂದಿತು. ಮತ್ತೆ ಟಿಕ್.

"ಯಾವಾಗಮ್ಮಾ ಶುರು ಮಾಡುವುದು?"

"ಮುಗಿಯಿತು ಸಾರ್."

ಕನ್ನಡಕ ತೆಗೆದರು. ಮೇಜಿನ ಮೇಲೆ ಮೊಬೈಲಿನಷ್ಟೇ ಪುಟ್ಟ ಡಬ್ಬಿ, ಎರಡು ವೈರು; ಮಿಷನ್ ಎಂದರೆ ಇಷ್ಟೇ. ಪಕ್ಕದಲ್ಲಿ ಬ್ಯಾಟರಿಗೆ ಅಂಟಿದ ಲೋಹದ ಪಟ್ಟಿ. ಮುಟ್ಟಿದರು, ಸುಡಲಿಲ್ಲ. ಉಗುರು ಹಾಕಿ ಎಳೆದರು, ಉಗುರು ಮುರಿಯಿತು.

"ಹೊಗೆಯಿಲ್ಲ, ಬೆಂಕಿಯಿಲ್ಲ..." ಅಧ್ಯಕ್ಷರ ದನಿ ಗರ್ಭಗುಡಿಯ ಮುಂದೆ ನಿಂತವರಂತೆ ಇಳಿದಿತ್ತು. "ಇದು ಹೇಗೆ ಕೂಡಿಕೊಂಡಿತು ತಾಯಿ?"

ಮಿಷನ್ ಅಲ್ಲೇ ಉಳಿಯಿತು.

ಮರುದಿನ ಅಧ್ಯಕ್ಷರು ಬ್ಯಾಟರಿ ಸತ್ತ ತಮ್ಮ ಸೊಳ್ಳೆ ಬ್ಯಾಟ್ ಹಿಡಿದು ಮತ್ತೆ ಬಂದರು. ಬಕೆಟ್ ತಂದಿರಲಿಲ್ಲ. ಕುರ್ಚಿಯಲ್ಲಿ ಕೂತು, ಯಾರೂ ಹೇಳದೆಯೇ, ಭಕ್ತಿಯಿಂದ ಕಪ್ಪು ಕನ್ನಡಕ ಹಾಕಿಕೊಂಡರು.