ಹಾಕಿಕೊಳ್ಳಲು ಕೇಳಿದ ಅಂಗಿ

“ಗುರುಗಳೇ, ದೊಡ್ಡವರು ಉಟ್ಟು ಹೊದ್ದ ಬಟ್ಟೆಯನ್ನು ಜೋಪಾನವಾಗಿ ಎತ್ತಿಡುವುದು ಪುಣ್ಯದ ಕೆಲಸವಲ್ಲವೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಗುರುಗಳ ಹಳೆಯ ಕಂಬಳಿಯನ್ನು ಒಗೆಯುತ್ತೇನೆಂದು ಒಯ್ದವನು ಅದನ್ನು ಮಡಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದ. ಮುಂದೊಂದು ದಿನ ಜನ ಅದರ ದರ್ಶನಕ್ಕೆ ಬರುತ್ತಾರೆ, ಆಗ ತೋರಿಸುವವನು ತಾನೇ ಆಗಿರುತ್ತೇನೆ ಎಂಬುದು ಅವನ ಎಣಿಕೆ. ಗುರುಗಳು ಕೇಳಿದಾಗಲೆಲ್ಲ “ಇನ್ನೂ ಒಣಗಿಲ್ಲ” ಎನ್ನುತ್ತಿದ್ದ. ಹೊರಗೆ ಮಾಗಿಯ ಚಳಿ.

ಗುರುಗಳು ಹೆಗಲ ಮೇಲಿನ ತೆಳು ವಸ್ತ್ರವನ್ನು ಕಿವಿಯವರೆಗೆ ಎಳೆದುಕೊಂಡು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೊಂದು ಹುಚ್ಚು. ಸಿಪಾಯಿಗಳು ಲಾರಿ ರಿಪೇರಿಗೆ, ಮಣ್ಣು ಅಗೆಯಲು ಹಾಕಿಕೊಳ್ಳುತ್ತಿದ್ದ ಹಳೆಯ ಕಾಲದ ದಪ್ಪ ನೀಲಿ ಡೆನಿಮ್ ಬಟ್ಟೆಗಳನ್ನು ಊರೂರು ಅಲೆದು ಕೂಡಿಹಾಕುತ್ತಿದ್ದ. ಕವಾಯತಿನ ಸಮವಸ್ತ್ರ ಅವನಿಗೆ ಬೇಡ, ಅದನ್ನು ಎಲ್ಲರೂ ಕಾಪಾಡಿ ಇಟ್ಟಿರುತ್ತಾರೆ. ದುಡಿತದ ಬಟ್ಟೆಯನ್ನು ಜನ ಚಿಂದಿಯಾಗುವವರೆಗೂ ಬಿಡುವುದಿಲ್ಲವಾದ್ದರಿಂದ ಅದು ಸಿಗುವುದೇ ಅಪರೂಪ. ಬಣ್ಣ ಮಾಸಿದಷ್ಟೂ, ಎಣ್ಣೆಯ ಕಲೆ ಇದ್ದಷ್ಟೂ ಅವನಿಗೆ ಖುಷಿ. ತಂದದ್ದಕ್ಕೆ ನೀರು ಸೋಕಿಸುತ್ತಿರಲಿಲ್ಲ. ಗಾಜಿನ ಬೀರುವಿನಲ್ಲಿ ತೂಗುಹಾಕಿ ನೆಂಟರನ್ನು ಕರೆದು ತೋರಿಸುತ್ತಿದ್ದ. ಸಿಪಾಯಿಗಳ ಬೆವರಿಗೆ ತಾನು ಮರ್ಯಾದೆ ಕೊಡುತ್ತಿದ್ದೇನೆ ಎಂದು ಪಾಪ, ನಿಜವಾಗಿಯೂ ನಂಬಿದ್ದ.

ಒಂದು ಹಳ್ಳಿಯಲ್ಲಿ ಸಿಪಾಯಿಯ ಹೆಂಡತಿಯಾಗಿದ್ದ ಮುದುಕಿಯೊಬ್ಬಳು, ತೀರಿಹೋದ ಗಂಡನ ಡೆನಿಮ್ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಚಳಿಯಲ್ಲಿ ಜೋಳ ಕೊಯ್ಯುತ್ತಿದ್ದಳು. ಅಂಥ ಅಂಗಿ ಅವನ ಬೀರುವಿನಲ್ಲಿ ಇರಲಿಲ್ಲ. ಅವನಿಗೆ ಬಾಯಲ್ಲಿ ನೀರೂರಿತು. ಅದನ್ನು ತನಗೆ ಕೊಡಬೇಕೆಂದು ಕೇಳಿದ.

“ಹಾಕ್ಕೊಳ್ಳಾಕೇನಪಾ?” ಎಂದಳು ಮುದುಕಿ.

ಗಾಜಿನ ಬೀರುವಿನ ಮಾತೆತ್ತಿದರೆ ಇವಳು ಕೊಡಲಾರಳು ಎನಿಸಿತು. “ಹೌದವ್ವಾ, ಹಾಕ್ಕೊಳ್ಳಾಕ” ಎಂದುಬಿಟ್ಟ.

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೈಮೇಲಿನದನ್ನು ಹಾಗೇ ಬಿಚ್ಚಿ ಕೊಡಬಾರದು, ಮುಂದಿನ ವಾರ ಬಾ ಎಂದಳು. ಕೆಲಸ ಕೈಗೂಡಿತೆಂದು ಅವನು ಹಿಗ್ಗಿದ.

ಮುಂದಿನ ವಾರ ಹೋದರೆ ಅಂಗಿ ಕಟ್ಟೆಯ ಮೇಲೆ ಮಡಚಿಟ್ಟಿತ್ತು. ಅಂಟುವಾಳ ಹಾಕಿ ತಿಕ್ಕಿ ತಿಕ್ಕಿ ಕಲೆಯನ್ನೆಲ್ಲ ಬಿಡಿಸಿದ್ದಳು. ಮೊಣಕೈ ಹರಿದಲ್ಲಿ ತೇಪೆ ಬಿದ್ದಿತ್ತು. ಎರಡೂ ಬಗಲಿಗೆ ಅಗಲವಾದ ಪಟ್ಟಿ ಕೂಡಿಸಿದ್ದಳು. ಅದೇ ನೀಲಿ, ಅದೇ ದಪ್ಪ. ವ್ಯಾಪಾರಿ ಆ ಪಟ್ಟಿಯನ್ನು ಮುಟ್ಟಿ ನೋಡಿದ. ಈ ತುಂಡು ಎಲ್ಲಿಂದ ಬಂತು ಎಂದು ಕೇಳಿದ.

“ಅವರ ಪ್ಯಾಂಟು ಇತ್ತು, ಅದನ್ನ ಕತ್ತರಿಸಿ ಹಚ್ಚೀನಿ. ನಿನ್ನ ಹೊಟ್ಟಿಗೆ ಅಂಗಿ ಸಾಲೂದಿಲ್ಲ ಅನಿಸ್ತು.”

ಅಂಗಿಯೂ ಪ್ಯಾಂಟೂ ಜೋಡಿಯಾಗಿ ಉಳಿದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. “ಹಾಳು ಮಾಡಿದೆಲ್ಲವ್ವಾ!” ಎಂದು ಕೂಗಿದ.

ಮುದುಕಿ ಗಾಬರಿಯಾದಳು. “ಹರಕ ಅಂಗಿ ಹ್ಯಾಂಗ ಕೊಡ್ಲಿ ಯಪ್ಪಾ? ಇನ್ನೊಬ್ರು ತೊಟ್ಟಿದ್ದನ್ನ ಬಾಯಿಬಿಟ್ಟು ಕೇಳಬೇಕಂದ್ರ ನಿನಗೆಷ್ಟು ತ್ರಾಸ ಇದ್ದೀತು! ನಂದು ಹ್ಯಾಂಗೋ ನಡೀತೈತಿ, ಸೀರಿ ಸೆರಗು ಐತಿ. ಹಾಕ್ಕೋ, ನೋಡೂಣು.”

ವ್ಯಾಪಾರಿ ಅದನ್ನು ಕೈಗೆತ್ತಿಕೊಂಡ. ಅವಳ ಎದುರಿಗೇ ಅಂಗಿ ತೊಟ್ಟ. ಅಳತೆ ಕೊಟ್ಟು ಹೊಲಿಸಿದಂತೆ ಹಿಡಿಸಿತು. ಮುದುಕಿಗೆ ಸಮಾಧಾನವಾಯಿತು. ಅವನು ಗಡಬಡಿಸಿ ಅದನ್ನು ಬಿಚ್ಚಿ, ನೀನೇ ಇಟ್ಟುಕೋ ತಾಯಿ ಎಂದು ಮುಂದೆ ಹಿಡಿದ. ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವ ಮನೆ ಇದಲ್ಲ ಎಂದು ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಅವನಿಗೇ ಮತ್ತೆ ತೊಡಿಸಿದಳು. ಆಮೇಲೆ ಸೆರಗು ಬಿಗಿಯಾಗಿ ಹೊದ್ದು, ಕುಡುಗೋಲು ಹಿಡಿದು ಹೊಲಕ್ಕೆ ನಡೆದಳು.

ಅವನು ದಾರಿಯಲ್ಲೇ ನಿಂತುಬಿಟ್ಟ. ಅಂಗಿ ಬೆಚ್ಚಗಿತ್ತು. ಅದು ಬೆಚ್ಚಗಿದ್ದದ್ದಕ್ಕೇ ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ನೆಲ ನೋಡುತ್ತಿದ್ದ. “ಆ ಅಂಗಿಯನ್ನೂ ಬೀರುವಿನಲ್ಲಿ ಇಟ್ಟನೇ?” ಎಂದ. ದನಿ ಸಣ್ಣಗಾಗಿತ್ತು.

ಗುರುಗಳು ಅವನ ಕಡೆ ತಿರುಗಿ ಕೇಳಿದರು: “ಕಂಬಳಿ ಒಣಗಿತೇನಪ್ಪಾ?”