ಒಂದು ವರ್ಷದ ಅಪ್ಪಣೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಸಂಗಯ್ಯಜ್ಜನವರು ದಿನಾ ಬೆಳಿಗ್ಗೆ ನಾಲ್ಕು ಮಾತು ಆಡುತ್ತಿದ್ದರು. ಶಿಷ್ಯ ಬಸವಂತ ಅದನ್ನು ಬರೆದುಕೊಂಡು ಆಶ್ರಮದ ವೆಬ್‌ಸೈಟಿಗೆ ಹಾಕುತ್ತಿದ್ದ.

ವೆಬ್‌ಸೈಟೆಂದರೆ ದೊಡ್ಡದೇನಲ್ಲ. ದಿನಕ್ಕೊಂದು ಪುಟ, ಓದುವುದಷ್ಟೇ. ಆ ಪುಟಗಳನ್ನು ಊರೂರಿಗೆ ಕಳಿಸುವ ಸರ್ವರ್ ಉಗ್ರಾಣದ ಜೋಳದ ಚೀಲಗಳ ಪಕ್ಕ ಕೂತ ಒಂದು ಹಳೆಯ ಕಂಪ್ಯೂಟರು.

ಒಮ್ಮೆ ಭಕ್ತರೊಬ್ಬರು ಬಂದು ಫೋನು ತೋರಿಸಿದರು. ಮೌನದ ಬಗ್ಗೆ ಅಜ್ಜನವರು ಆಡಿದ ಮಾತಿನ ನಟ್ಟನಡುವೆ ಇಸ್ಪೀಟಾಟದ ಜಾಹೀರಾತು ಕುಣಿಯುತ್ತಿತ್ತು.

“ಅಜ್ಜಾರು ಈಗ ಇದನ್ನೂ ಕಲಿಸ್ತಾರೇನ್ರಿ?”

ಬಸವಂತನಿಗೆ ಮೈ ಉರಿಯಿತು. ನೇರ ಅಜ್ಜನವರ ಬಳಿ ಹೋಗಿ, ಪುಟಗಳಿಗೆ ಭದ್ರತೆ ಮಾಡಬೇಕು ಎಂದ.

“ಓದೂ ಪುಟ ಅದು. ಅದರಾಗ ಕದಿಯೂದು ಏನೈತೋ?”

“ಕದಿಯೂದಲ್ರಿ ಅಜ್ಜಾರ, ಕಲಬೆರಕಿ. ನಮ್ಮ ಪುಟ ತೆರದ ಕಾಗದ ಹೋದಂಗ ಹೊಂಟೈತಿ. ನಡುವ ಯಾರ ಬೇಕಾದ್ರೂ ಏನ ಬೇಕಾದ್ರೂ ತುರುಕಬಹುದು. ಲಕೋಟಿಗೆ ಹಾಕಿ ಮುದ್ರಿ ಒತ್ತಿ ಕಳಸಬೇಕು.”

“ಹಂಗಾರ ಒತ್ತು.”

ಎರಡು ದಿನ ಬಸವಂತ ಉಗ್ರಾಣ ಬಿಟ್ಟು ಏಳಲಿಲ್ಲ. ಮೂರು ತಿಂಗಳು ಬಾಳುವ, ಆಮೇಲೆ ತಾನಾಗಿ ಹೊಸದಾಗುವ ಮುದ್ರೆಯನ್ನು, ಅದನ್ನು ಕೊಡುವವರಿಂದ ತಂದ. ಮುದ್ರೆಯಿಲ್ಲದೆ ಬಂದುಹೋಗುವ ಹಳೆಯ ದಾರಿಯನ್ನು ಪೂರ್ತಿ ಮುಚ್ಚಿದ. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಹುಡುಗನಿಗೆ ಕೆಲಸ ಬರುತ್ತಿತ್ತು, ಬರುತ್ತದೆ ಎಂಬುದೂ ಗೊತ್ತಿತ್ತು.

“ಇನ್ನೊಂದು ಮಾಡೀನ್ರಿ ಅಜ್ಜಾರ. ಓದಾಕ ಬಂದ ಫೋನಿಗೆಲ್ಲಾ ಸರ್ವರ್ ಒಂದು ಅಪ್ಪಣಿ ಕೊಡ್ತೈತಿ. ಇನ್ನೊಂದು ವರ್ಷ ಮುದ್ರಿ ಸರಿ ಇದ್ರಷ್ಟ ಒಳಗ ಬಿಡು, ಇಲ್ಲಂದ್ರ ನಿನ್ನ ಮಾಲಕ ಗೋಗರದ್ರೂ ಬಿಡಬ್ಯಾಡ ಅಂತ.”

“ಫೋನು ಕೇಳತಾವು?”

“ವರ್ಷದ ತನಕ ನೆನಪಿಟ್ಟು ಕೇಳತಾವ್ರಿ.”

“ಅಷ್ಟ್ಯಾಕ? ಒಂದು ದಿನ ಸಾಲೂದಿಲ್ಲೇನು?”

“ಮೊದಲ ಐದು ನಿಮಿಷಕ್ಕ ಹೇಳಿ ನೋಡ್ರಿ, ಆಮ್ಯಾಲೆ ಒಂದು ದಿನ, ಆಮ್ಯಾಲೆ ವಾರ ಅಂತಾರ ತಿಳದವ್ರು. ನಂಗ ನನ್ನ ಕೆಲಸದ ಮ್ಯಾಲೆ ನಂಬಿಕಿ ಐತ್ರಿ.”

ಅಜ್ಜನವರು ಹೊಳೆಯ ಕಡೆ ತಿರುಗಿ ಕೇಳಿದರು.

“ಕೊಟ್ಟ ಅಪ್ಪಣಿ ಹಿಂದ ತಗೋಬೇಕಾದ್ರ?”

“ಅವ್ರು ಮತ್ತ ಬಂದಾಗ ಹೇಳಿದ್ರಾತ್ರಿ.”

“ಒಳಗ ಬರಾಕ ಆಗದವ್ರಿಗೆ?”

ಬಸವಂತ ನಕ್ಕ. ಅಜ್ಜನವರು ನಗಲಿಲ್ಲ.

ಅವರು ನಗದಿರುವುದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ಆಶ್ರಮದಲ್ಲಿ ಚನ್ನವೀರ ಎಂಬ ಶಿಷ್ಯನಿದ್ದ. ಭಕ್ತನೊಬ್ಬ ಅಜ್ಜನವರಿಗೆ ಕೇಳಿದ ಪ್ರಶ್ನೆಗೆ ಅವನೇ ನಡುವೆ ಬಾಯಿ ಹಾಕಿ ಉತ್ತರ ಕೊಟ್ಟುಬಿಟ್ಟ. “ನಾ ಕರಿಯೂತನಕ ಈ ಕಡೆ ಮಾರಿ ಹಾಕಬ್ಯಾಡ” ಅಂದರು ಅಜ್ಜನವರು. ಚನ್ನವೀರ ಎದ್ದು ಹೋದ. ಮರುದಿನ ಬೆಳಿಗ್ಗೆ ಎಲ್ಲರೆದುರು ಅಜ್ಜನವರು ಆ ಮಾತು ಹಿಂದಕ್ಕೆ ತೆಗೆದುಕೊಂಡರು. ಕೇಳಬೇಕಾದವನು ಅಲ್ಲಿರಲಿಲ್ಲ.

“ಅವನ ಉತ್ತರ ತಪ್ಪಿತ್ತೇನ್ರಿ?” ಎಂದು ಬಸವಂತ ಹಿಂದೊಮ್ಮೆ ಕೇಳಿದ್ದ.

“ಸರಿ ಇತ್ತು. ಅದಕ್ಕ ಸಿಟ್ಟು ಬಂತು.”

ಚನ್ನವೀರ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಒಬ್ಬ ಲಾರಿ ಡ್ರೈವರ್ ಮಾತ್ರ ಸುದ್ದಿ ತಂದಿದ್ದ. ಯಾವುದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದನಂತೆ. ದಿನಾ ಬೆಳಿಗ್ಗೆ ಫೋನಿನಲ್ಲಿ ಅಜ್ಜಾರ ಮಾತು ಓದುತ್ತಾನಂತೆ.

ಭದ್ರತೆ ಮಾಡಿ ಮೂರು ತಿಂಗಳಾಗುತ್ತ ಬಂತು. ಅಷ್ಟರಲ್ಲಿ ಅಜ್ಜನವರ ಗಂಟಲು ಕಟ್ಟಿತು. ಹುಬ್ಬಳ್ಳಿಯ ಡಾಕ್ಟರು ನೋಡಿ, ಗಂಟಲಲ್ಲಿ ಗಂಟಾಗಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಎಂಟು ದಿನಕ್ಕೆ ಆಪರೇಷನ್ ಗೊತ್ತುಮಾಡಿದರು.

ಆಶ್ರಮಕ್ಕೆ ಬಂದವರೇ ಅಜ್ಜನವರು ಬಸವಂತನನ್ನು ಕರೆದರು.

“ಇವತ್ತಿನ ಪುಟದಾಗ ಬೇರೆ ಏನೂ ಬ್ಯಾಡ. ಹಿಂಗ ಬರಿ. ಚನ್ನವೀರಾ, ನಾ ಕರೀತೀನಿ, ಬಾ. ಎಂಟು ದಿನದಾಗ ಬಾ.”

“ಹೇಳೂದನ್ನ ಫೋನಿನಾಗ ಹೇಳಿಡ್ರಿ ಅಜ್ಜಾರ. ಯಾವಾಗ ಬಂದ್ರೂ ಕೇಳಸ್ತೀನಿ.”

“ಅವನ ಮಾರಿ ನೋಡಿ ಅಂದೀನಿ. ಮಾರಿ ನೋಡೇ ಹಿಂದ ತಗೋಬೇಕು.”

ಬಸವಂತ ಬರೆದು ಹಾಕಿದ. ದಿನಕ್ಕೆರಡು ಸಲ ಉಗ್ರಾಣಕ್ಕೆ ಹೋಗಿ, ಅದೇ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿದ. ನೆಟ್ಟಗೆ ಇತ್ತು. ಏಳನೆಯ ದಿನ ಇಳಕಲ್ಲಿನ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಇಂಥ ಆಶ್ರಮ ಇದೆಯೆಂದು ಯಾರೋ ಹೇಳಿದರಂತೆ, ಪುಟ ಓದಿದಳಂತೆ.

“ಆ ಚನ್ನವೀರ ಬಂದ್ನೇನ್ರಿ?” ಎಂದು ಅವಳೇ ಕೇಳಿದಳು.

ಕಂಡರಿಯದವರೂ ಓದುತ್ತಿದ್ದಾರೆಂದು ಬಸವಂತನ ಮನಸ್ಸಿಗೆ ಸಮಾಧಾನವಾಯಿತು.

ಅಜ್ಜನವರು ಡಾಕ್ಟರನ್ನು ಕಾಡಿ ಬೇಡಿ ಇನ್ನೆರಡು ದಿನ ಪಡೆದರು. ಎರಡೂ ದಿನ ರಸ್ತೆಗೆ ಮುಖ ಮಾಡಿ ಕೂತರು. ಊಟ ಸೇರಲಿಲ್ಲ. ಬಸ್ಸು ನಿಂತಾಗಲೆಲ್ಲ ಕತ್ತು ಎತ್ತುತ್ತಿದ್ದರು.

ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಕೇಳಿದರು. ಧ್ವನಿ ಆಗಲೇ ಅರ್ಧ ಹೋಗಿತ್ತು.

“ಅವ ಓದಿರತಾನೇನೋ?”

“ಓದಿರತಾನ್ರಿ. ಪುಟ ಛಲೋ ಐತ್ರಿ, ಈಗ ನೋಡಿ ಬಂದೆ.”

“ಹಂಗಾರ ಬರಾಕ ಮನಸಿಲ್ಲ ಅವಂಗ.”

ಬಸವಂತ ಅಜ್ಜನವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಆಮೇಲೆ ಎಷ್ಟು ವರ್ಷ ಅದು ಅವನ ಎದೆಯಲ್ಲಿ ಕೂತಿತ್ತೋ ಅವನೇ ಬಲ್ಲ.

ಆಪರೇಷನ್ ಆದ ಮರುದಿನ ಹಳೆಯ ಭಕ್ತರೊಬ್ಬರು ಆಸ್ಪತ್ರೆಗೆ ಬಂದರು.

“ಹನ್ನೊಂದು ದಿನ ಆತು ತಮ್ಮಾ, ನಿಮ್ಮ ಪುಟ ತೆರಿಯಂಗೇ ಇಲ್ಲ. ಫೋನು ಒಳಗ ಬಿಡವಲ್ದು.”

ಬಸವಂತ ಅವರ ಫೋನು ಇಸಿದುಕೊಂಡು ನೋಡಿದ. ಅವನು ಕರೆ ಬರೆದು ಹಾಕಿದ ದಿನವೇ ಮುದ್ರೆಯ ಗಡುವು ಮುಗಿದಿತ್ತು.

ಮುದ್ರೆ ಹೊಸದು ಮಾಡುವವರು, ಮನೆ ನಿಮ್ಮದೇ ಹೌದೋ ಎಂದು ನೋಡಲು ಹಳೆಯ ದಾರಿಯಿಂದ ಬರುತ್ತಾರೆ. ಆ ದಾರಿಯನ್ನು ಅವನೇ ಮುಚ್ಚಿದ್ದ. ಇಳಕಲ್ಲಿನ ಹೆಂಗಸು ಹೊಸಬಳು. ಅವಳ ಫೋನಿಗೆ ಅಪ್ಪಣೆ ಗೊತ್ತಿರಲಿಲ್ಲ, ಒಮ್ಮೆ ಬೇಡ ಅಂದು, ಅವಳು ಗುಂಡಿ ಒತ್ತಿದ ಮೇಲೆ ಬಿಟ್ಟಿತ್ತು. ಮೂರು ತಿಂಗಳು ತಪ್ಪದೆ ಓದಿದವರ ಫೋನುಗಳು ಮಾತ್ರ ಅಪ್ಪಣೆ ಮೀರಲಿಲ್ಲ. ಬಸವಂತನೋ, ಮುದ್ರೆ ಕೇಳುವವರೇ ಇಲ್ಲದ ಮನೆಯೊಳಗೆ ಕೂತು ಬಾಗಿಲು ತೆರೆದೇ ಇದೆ ಅಂದುಕೊಂಡಿದ್ದ.

ಆಶ್ರಮಕ್ಕೆ ಓಡಿ ಹಳೆಯ ದಾರಿ ತೆರೆದ. ಹೊಸ ಮುದ್ರೆ ಬೀಳಲು ನಾಲ್ಕು ನಿಮಿಷ ಸಾಕಾಯಿತು. ಅಜ್ಜಾರು ಯಾವ ಆಸ್ಪತ್ರೆಯಲ್ಲಿದ್ದಾರೆಂದೂ ಪುಟದಲ್ಲಿ ಬರೆದ.

ಮಾರನೆಯ ದಿನ ಮಧ್ಯಾಹ್ನ ಚನ್ನವೀರ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

“ಇವತ್ತ ಮುಂಜಾನಿ ಕಂಡಿತ್ರಿ ಅಜ್ಜಾರ. ಇಷ್ಟ ದಿನ ತೆರೀಲಿಲ್ಲ. ಒಳಗ ಹೋಗಾಕ ಒತ್ತೂ ಗುಂಡಿನೂ ಇರಲಿಲ್ಲ.”

“ಯಾರನ್ನರ ಕೇಳಬೇಕಿಲ್ಲೇನು?” ಎಂದ ಬಸವಂತ.

“ಕೇಳಾಕ ಧೈರ್ಯ ಬರಲಿಲ್ಲ. ಅಜ್ಜಾರು ಇದನ್ನೂ ನಂಗ ಮುಚ್ಚಿದ್ರು ಅನ್ಕೊಂಡೆ.”

ಅಜ್ಜನವರು ಅವನ ಮುಖ ಹಿಡಿದು ನೋಡಿದರು. ಬಾಯಿ ತೆರೆದರು. ತುಟಿಗಳು ಅಲ್ಲಾಡಿದವು. ಕೊರಳ ಪಟ್ಟಿಯ ಸಂದಿನಿಂದ ಉಸಿರಷ್ಟೇ ಬಂತು.

“ಇರಲಿ ಬಿಡ್ರಿ, ತಿಳೀತ್ರಿ” ಎಂದ ಚನ್ನವೀರ. ತಿಳಿದಿತ್ತೋ ಇಲ್ಲವೋ, ಹಾಗಂದು ಮಂಚದ ಕಾಲಿಗೆ ಹಣೆ ಹಚ್ಚಿ ಕೂತ.

ಬಸವಂತನಿಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಕುಸಿದು ಎಲ್ಲವನ್ನೂ ಹೇಳಿದ. ಮುಚ್ಚಿದ ದಾರಿ, ಐದು ನಿಮಿಷಕ್ಕೆ ಹೇಳಬೇಕಾದಲ್ಲಿ ವರ್ಷಕ್ಕೆ ಹೇಳಿದ ಜಂಬ, ಹೊರಗೆ ಹೋಗಿ ಒಮ್ಮೆಯೂ ನೋಡದಿದ್ದುದು, ಒಂದನ್ನೂ ಬಿಡಲಿಲ್ಲ.

“ಆ ಒಂದ ಮಾತಿಗೆ ಕಾದು ಕುಂತಿದ್ರಿ. ನಿಮ್ಮ ಧ್ವನಿ ಇದ್ದಾಗ ಇವನ್ನ ಬರದಂಗ ಮಾಡಿದವ ನಾ. ತಪ್ಪು ನಂದು ಅಜ್ಜಾರ, ಪೂರಾ ನಂದು.”

ಅಜ್ಜನವರು ದಿಂಬಿನ ಪಕ್ಕದ ಪಾಟಿ ಬಳಪ ತೆಗೆದುಕೊಂಡರು. ಬಹಳ ಹೊತ್ತು ಬರೆದು, ಇಬ್ಬರಿಗೂ ಕಾಣುವಂತೆ ತಿರುಗಿಸಿ ಹಿಡಿದರು.

“ನಿನ್ನದು ಹನ್ನೊಂದು ದಿನ. ನನ್ನದು ಆರು ವರ್ಷ.”